ಐಸ್ ಹೌಸಿನಿಂದ ವೂಸ್ಟರಿಗೆ



ರಾಜ್ಯೋತ್ಸವದ ಸಭೆಯಲ್ಲಿ ಅಮೆರಿಕದ ಮಾತೇಕೆಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯೇ ಅದಕ್ಕೆ ಕಾರಣ.

ನನ್ನ ತಂಗಿಯ ಮಗಳು ಈ ಚೆನ್ನೈಯಲ್ಲಿಯೇ ಹುಟ್ಟಿ ಬೆಳೆದವಳು, ಇತಿಹಾಸ ಓದಿದವಳು, ಬರೆಯುವ ಹುಚ್ಚಿನವಳು. ಅಮೆರಿಕದ ಚರಿತ್ರೆಯನ್ನು ಕುರಿತು ಪುಸ್ತಕ ಬರೆಯುವವರಿಗೆ ಅಲ್ಲಿಯೇ ತಂಗಲು ಅನುಕೂಲ ಮಾಡಿಕೊಡುವ ಒಂದು ಫೆಲೋಷಿಪ್ಪಿಗೆ ಅರ್ಜಿ ಹಾಕಿದಳು. ಸಿಗಲಿಲ್ಲ. “ಮಾವ, ಅಮೆರಿಕದ ಚರಿತ್ರೆ ಬರೆಯುವುದಕ್ಕೆ ನಾನು ಯಾರು?” ಎಂದು ಕಣ್ಣೀರಿಟ್ಟಳು. ಊರು ಬಿಟ್ಟು ಬಂದ ನಮಗೆ ಈ ಪ್ರಶ್ನೆ ಹೊಸದೇನಲ್ಲ.

ಅರ್ಜಿಯನ್ನು ತರಿಸಿ ಓದಿದೆ. ಪುಟದ ತುಂಬ ಅಭಿಮಾನವಿತ್ತು. ಪ್ರಶ್ನೆ ಒಂದೂ ಇರಲಿಲ್ಲ. ಯಾವ ಕಾಗದಪತ್ರ ನೋಡಬೇಕು, ಆ ಸ್ಥಳವೇ ಏಕೆ ಬೇಕು, ಅಷ್ಟು ದಿನಗಳಲ್ಲಿ ಎಷ್ಟು ಅಧ್ಯಾಯ ಮುಗಿದೀತು, ಯಾವುದನ್ನೂ ಹೇಳಿರಲಿಲ್ಲ.

ಒಂದು ಸಂಜೆ ಅವಳನ್ನು ಮರೀನಾ ದಂಡೆಗೆ ಕರೆದೊಯ್ದು ವಿವೇಕಾನಂದರ್ ಇಲ್ಲಂ ತೋರಿಸಿದೆ. 1897ರಲ್ಲಿ ಸ್ವಾಮೀಜಿ ತಂಗಿದ್ದ ಆ ಕಟ್ಟಡದ ಹಳೆಯ ಹೆಸರು ಐಸ್ ಹೌಸ್. ಬಾಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರ್ ಎಂಬಾತ ಮ್ಯಾಸಚೂಸೆಟ್ಸ್ ಸೀಮೆಯ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕೊಯ್ಸಿ ಹಡಗಿನಲ್ಲಿ ಕಳುಹಿಸುತ್ತಿದ್ದನು. 1833ರಲ್ಲಿ ಕಲ್ಕತ್ತೆಗೆ ಹೊರಟ ಮೊದಲ ಹಡಗಿನಲ್ಲಿದ್ದುದು 180 ಟನ್. ಕರಗಿ ಉಳಿದು ತಲಪಿದ್ದು ಸುಮಾರು 100 ಟನ್. ಮುಂದೆ ಮದರಾಸಿಗೆ ಬಂದ ಗಡ್ಡೆಯನ್ನು ಕೂಡಿಡಲು ಕಟ್ಟಿದ ಮನೆಯೇ ಇದು. ಅಮೆರಿಕದ ಚರಿತ್ರೆ ನಮ್ಮ ಹೊಸಿಲಿಗೇ ಬಂದಿತ್ತು!

ಅವಳ ಮುಖ ಅರಳಿತು. ಮ್ಯಾಸಚೂಸೆಟ್ಸಿನ ವೂಸ್ಟರ್ ಪಟ್ಟಣದಲ್ಲಿ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಎಂಬ ಗ್ರಂಥಭಂಡಾರವಿದೆ. ಐಸಯಾ ಥಾಮಸ್ ಎಂಬ ಮುದ್ರಕನು 1812ರಲ್ಲಿ ಸ್ಥಾಪಿಸಿದ್ದು. ಹಳೆಯ ವೃತ್ತಪತ್ರಿಕೆಗಳ, ಕರಪತ್ರಗಳ ದೊಡ್ಡ ಭಂಡಾರ. ಸಂಶೋಧಕರಿಗೂ ಲೇಖಕರಿಗೂ ಅಲ್ಲಿ ಫೆಲೋಷಿಪ್ ಉಂಟು. ಈ ಸಲ ಅಲ್ಲಿಗೆ ಬರೆದಳು: ತಮ್ಮ ಕೆರೆಯ ಮಂಜುಗಡ್ಡೆ ಮದರಾಸಿಗೆ ಹೋಗುವುದನ್ನು ಕಂಡು ಆ ಊರಿನ ಜನ ಏನೆಂದುಕೊಂಡರು? ಟ್ಯೂಡರನ ವ್ಯಾಪಾರದ ಲೆಕ್ಕಪತ್ರಗಳು ಹಾರ್ವರ್ಡಿನ ಬೇಕರ್ ಗ್ರಂಥಾಲಯದಲ್ಲಿವೆ. ಜನರ ಮಾತನ್ನು ಹುಡುಕಬೇಕಾದ್ದು ಪತ್ರಿಕೆಗಳಲ್ಲಿ. ಆದ್ದರಿಂದಲೇ ವೂಸ್ಟರ್.

ಬರೆದು ಮುಗಿಸಿದ ಒಂದು ಅಧ್ಯಾಯವನ್ನು ಜೊತೆಗಿರಿಸಿಕೊಂಡಳು. ಗುರುಗಳ ಶಿಫಾರಸು ಪತ್ರಗಳನ್ನು ಗಡುವಿಗೆ ಒಂದು ತಿಂಗಳು ಮೊದಲೇ ಕೇಳಿದಳು. ಕೇಳುವಾಗ ಅರ್ಜಿಯ ಪ್ರತಿಯನ್ನೂ ಕೊಟ್ಟಳು. ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಬಂದರೆ ಸಂತೋಷ, ಬಾರದಿದ್ದರೆ ಮುಂದಿನ ವರ್ಷ ಮತ್ತೆ ಹಾಕುತ್ತಾಳೆ. “ನಾನು ಯಾರು” ಎಂಬ ಮಾತನ್ನು ಮಾತ್ರ ಅವಳು ಮತ್ತೆ ಆಡಿಲ್ಲ.

ಒಂದು ನೆಲದ ಚರಿತ್ರೆ ಅಲ್ಲಿ ಹುಟ್ಟಿದವರ ಸ್ವತ್ತು ಮಾತ್ರವಲ್ಲ. ಶ್ರದ್ಧೆಯಿಂದ ಪ್ರಶ್ನೆ ಕೇಳುವವರಿಗೂ ಅದರಲ್ಲಿ ಪಾಲುಂಟು. ತಮ್ಮ ಮಕ್ಕಳು ದೂರದ ವಿಷಯಕ್ಕೆ ಅರ್ಜಿ ಹಾಕುತ್ತೇವೆಂದರೆ ತಡೆಯಬೇಡಿ, “ನಿನ್ನ ಪ್ರಶ್ನೆ ಏನಮ್ಮ?” ಎಂದು ಕೇಳಿ.