ಓಟದ ಜೋಡಿ



ಯಗಟಿ ಕಡೆಯ ರೈತರೊಬ್ಬರು ಗಾಡಿ ಓಟಕ್ಕೆ ಎತ್ತಿನ ಜೋಡಿ ಕೊಳ್ಳಬೇಕು ಅಂದುಕೊಳ್ಳಿ. ಊರಿನ ಓಟಗಾರರೆಲ್ಲ ಹಳ್ಳಿಕಾರ್ ತಳಿಯ ಎತ್ತು ಕಟ್ಟಿದ್ದಾರೆ. ಇವರ ಮನಸ್ಸು ಮಾತ್ರ ಅಮೃತಮಹಲ್ ಕಡೆಗೆ.

ಅದು ಸಹಜವೇ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ನಮ್ಮ ಅಜ್ಜಂಪುರದಲ್ಲೇ. ಮೈಸೂರು ಅರಸರ ದನಸಾಕಣೆ ಇಲಾಖೆಯಾದ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಸುಲ್ತಾನ ಇಟ್ಟ ಹೆಸರು ಅಮೃತಮಹಲ್. ಸೈನ್ಯದ ಸಾಮಾನು ಎಳೆದುಕೊಂಡು ದೂರ ದೂರ ಓಡಿದ ದನಗಳು ಅವು. ವೇಗ ಇದೆ, ಛಲ ಇದೆ. ಹೊಸಬರನ್ನು ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಪಳಗಿಸಲು ತುಂಬ ತಾಳ್ಮೆ ಬೇಕು.

ಊರವರ ತಳಿಯನ್ನೇ ಕಟ್ಟಿದರೆ ಅನುಕೂಲ ದೊಡ್ಡದು. ಒಂದು ಎತ್ತು ಕುಂಟಿದರೆ ಇನ್ನೊಂದಕ್ಕೆ ಜೊತೆ ಸಿಗುತ್ತದೆ. ಕಲಿಸಿಕೊಡುವವರು ಪಕ್ಕದ ಮನೆಯಲ್ಲೇ ಇರುತ್ತಾರೆ. ಒಂದೇ ತಳಿಯ ಜೋಡಿಗಳು ಓಡಿದಾಗ ಗಾಡಿ ಹೊಡೆಯುವವನ ಕೈಚಳಕವೂ ಚೆನ್ನಾಗಿ ಕಾಣುತ್ತದೆ.

ಆದರೆ ಓಟ ವರ್ಷಕ್ಕೆ ಕೆಲವೇ ದಿನ. ಉಳಿದ ದಿನವೆಲ್ಲ ಉಳುಮೆ, ಮೇವು, ನೀರು. ಯಜಮಾನರು ಕಡೂರಿಗೆ ಹೋದ ದಿನ ಆ ಎತ್ತುಗಳ ಹಗ್ಗ ಹಿಡಿಯುವವರು ಯಾರು? ವಯಸ್ಸಾದ ತಾಯಿಯೇ? ದನದ ಜಾತ್ರೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನಗಂತೂ ಇದೇ ಮೊದಲ ಪ್ರಶ್ನೆ. ಸುಳಿ, ಹಲ್ಲು, ಬೆಲೆ ನೋಡುವುದೆಲ್ಲ ಆಮೇಲೆ.

ಕೊಳ್ಳುವ ಮುನ್ನ ಅವರು ತಾಯಿಯನ್ನೂ ಒಮ್ಮೆ ಅಜ್ಜಂಪುರಕ್ಕೆ ಕರೆದುಕೊಂಡು ಹೋಗಿ ಬರಲಿ.