ಜಗತ್ತು ಜೀವಕ್ಕಾಗಿಯೇ ಹದಗೊಂಡಿದೆಯೇ?



ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಈ ಜಗತ್ತು ಜೀವಿಗಳಿಗಾಗಿಯೇ ಹದಗೊಂಡಿದೆಯೇ ಎಂಬ ಪ್ರಶ್ನೆಯನ್ನು ಒಂದು ನಿದರ್ಶನದಿಂದ ವಿಚಾರಿಸೋಣ.

ನಮ್ಮ ದೇಹಕ್ಕೂ ಅನ್ನಕ್ಕೂ ಆಧಾರವಾದುದು ಇಂಗಾಲವೆಂಬ ಮೂಲವಸ್ತು. ಅದು ಸಿದ್ಧವಾಗುವುದು ನಕ್ಷತ್ರಗಳ ಗರ್ಭದಲ್ಲಿ. ಅಲ್ಲಿ ಎರಡು ಹೀಲಿಯಂ ಪರಮಾಣುಬೀಜಗಳು ಕೂಡಿ ಬೆರಿಲಿಯಂ ಆಗುವುದು. ಅದು ಸೆಕೆಂಡಿನ ಕೋಟಿಯಲ್ಲೊಂದಂಶದ ಕೋಟಿಯಲ್ಲೊಂದು ಪಾಲಿನಷ್ಟು ಕಾಲವೂ ನಿಲ್ಲದೆ ಒಡೆದುಹೋಗುವುದು. ಅಷ್ಟರೊಳಗಾಗಿ ಮೂರನೆಯ ಬೀಜವು ಬಂದು ಸೇರಿದರೆ ಮಾತ್ರ ಇಂಗಾಲವುಂಟು. ಹೀಗಿರಲು ಅದು ಜಗತ್ತಿನಲ್ಲಿ ಇಷ್ಟೊಂದು ದೊರೆಯುವುದೆಂತು? ಇಂಗಾಲದ ಬೀಜಕ್ಕೆ ಸುಮಾರು 7.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟುಗಳ ಒಂದು ವಿಶೇಷ ಶಕ್ತಿಸ್ಥಿತಿ ಇರಲೇಬೇಕೆಂದು 1953ರಲ್ಲಿ ಆಂಗ್ಲ ವಿದ್ವಾಂಸ ಫ್ರೆಡ್ ಹಾಯ್ಲ್ ಅವರು ತರ್ಕಿಸಿದರು. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಪರೀಕ್ಷಿಸಲಾಗಿ ಅದು ಹಾಗೆಯೇ ಕಂಡುಬಂದಿತು.

ಇದನ್ನು ಕೇಳಿದೊಡನೆ "ಇದು ಕರ್ತನ ಕೌಶಲವೇ ಸರಿ" ಎಂದು ಮನಸ್ಸು ಹಿಗ್ಗುವುದು ಸಹಜ. ನಾನೂ ಹಾಗೆ ಹಿಗ್ಗಿದವನೇ. ಆದರೆ ವಿಚಾರವು ಅಲ್ಲಿಗೆ ಮುಗಿಯದು. ನೋಡುವವರು ಇರಲು ತಕ್ಕುದಾದ ಜಗತ್ತೇ ನೋಡುವವರಿಗೆ ಕಾಣುವುದೆಂದು 1973ರಲ್ಲಿ ಬ್ರಾಂಡನ್ ಕಾರ್ಟರ್ ಅವರು ಪ್ರತಿಪಾದಿಸಿದರು. ಸಿಹಿನೀರು ದೊರೆತೆಡೆಯಲ್ಲಿಯೇ ಊರು ನೆಲೆಸುವುದಷ್ಟೆ? ಆ ಊರಿನ ಮಗುವು ತನ್ನ ಬಾವಿಯನ್ನು ಕಂಡು, ನೆಲವೆಲ್ಲವೂ ತನಗಾಗಿ ಸಿಹಿಯಾಯಿತೆಂದರೆ ನಾವು ನಗುವೆವು. ಜಗತ್ತುಗಳು ಅನೇಕವಾಗಿದ್ದರೆ ನಮ್ಮ ಸ್ಥಿತಿಯೂ ಆ ಮಗುವಿನದೇ. ಆದರೆ ಅನ್ಯ ಜಗತ್ತುಗಳನ್ನು ಕಂಡವರಾರೂ ಇಲ್ಲವೆಂಬುದೂ ಅಷ್ಟೇ ನಿಜ. ಮೇಲಾಗಿ, ಆ ಶಕ್ತಿಸ್ಥಿತಿಯು ತುಸು ಸರಿದರೂ ಇಂಗಾಲವು ಉಂಟಾಗಬಹುದೆಂದು ಅನಂತರದ ಗಣನೆಗಳು ತೋರಿಸಿವೆ.

ಆದಕಾರಣ ಬಂಧುಗಳೇ, ನನ್ನ ಬಿನ್ನಹವಿಷ್ಟೆ. ಅಂಕಿಯ ಮೇಲೆ ಕಟ್ಟಿದ ಭಕ್ತಿಯು ಅಂಕಿ ಅಲುಗಿದೊಡನೆ ತಾನೂ ಅಲುಗುವುದು. ನಾಳೆ ವಿದ್ವಾಂಸರು ಅದರ ಕಾರಣವನ್ನು ಕಂಡುಹಿಡಿದರೆ ನಾವು ಪೂಜೆಯನ್ನು ಬಿಡುವೆವೇ? ಭಕ್ತಿಯು ಅನುಭವದಲ್ಲಿ ನಿಲ್ಲಲಿ. ವಿಜ್ಞಾನವು ತನ್ನ ಪರೀಕ್ಷೆಯನ್ನು ನಿರ್ಭಯವಾಗಿ ನಡೆಸಲಿ. ಸಂದೇಹವಿಲ್ಲದ ಮಾತೊಂದುಂಟು: ಅರಸನ ಒಡಲಿನ ಇಂಗಾಲವೂ ಆಳಿನ ಒಡಲಿನ ಇಂಗಾಲವೂ ನಕ್ಷತ್ರಗಳ ಒಲೆಯಲ್ಲಿಯೇ ಬೆಂದು ಬಂದುವು. ಇದನ್ನರಿತ ಮೇಲೂ ಕುಲದ ಹೆಚ್ಚುಕಡಮೆಗಳನ್ನು ಎಣಿಸುವುದು ನಮಗೆ ತಕ್ಕುದಲ್ಲ.