ನಮ್ಮ ಹಿತ್ತಿಲ ಮಳೆಗಾಲ



ಉದ್ಯಾನವೆಂದೊಡನೆ ಅರಸರ ವೈಭವವನ್ನು ನೆನೆಯುವುದು ವಾಡಿಕೆ. ನಮ್ಮ ಚಿಟಗುಪ್ಪದ ನೆರೆಯದಾದ ಬಸವಕಲ್ಯಾಣದಿಂದ ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ವನಕ್ರೀಡೆಗೂ ಎಡೆಗೊಟ್ಟಿರುವನು. ನಾವಿಂದು ಹೇಳಹೊರಟಿರುವುದು ಅಂತಹ ವನದ ಮಾತಲ್ಲ. ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ಕಡೆ, ಆರು ಮಂಚ ಹಾಕುವಷ್ಟು ನೆಲ. ಅದರಲ್ಲೊಂದು ನಿಂಬೆ, ಒಂದು ಕರಿಬೇವು, ಎರಡು ದಾಸವಾಳ, ಗೋಡೆಗೆ ಹಬ್ಬಿದ ಮಲ್ಲಿಗೆ, ಮಳೆ ಬಿದ್ದ ಮೇಲೆ ಚೆಂಡುಹೂವಿನ ಒಂದು ಸಾಲು. ನಮ್ಮ ಸಂಸ್ಥಾನವು ಇಷ್ಟೇ.

ಬೀದರ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಇಷ್ಟನ್ನು ಉಳಿಸಿಕೊಳ್ಳುವ ಕಷ್ಟವೂ ತಿಳಿದಿರುವುದು. ಇಲ್ಲಿಯ ಕೆಂಪು ಮುರಕಲ್ಲು ಮಳೆಯ ನೀರನ್ನು ಹೀರಿ ಕೆಳಗಿಳಿಸುವುದು; ಅಡಿಯ ಕರಿಗಲ್ಲು ಅದನ್ನು ತಡೆದು ನಿಲ್ಲಿಸುವುದು. ಬೀದರಿನಲ್ಲಿ ಕಾರೇಜು ಎಂಬ ಸುರಂಗಗಳನ್ನು ತೋಡಿದವರು ಈ ಗುಟ್ಟನ್ನು ಅರಿತವರೇ. ನಮಗೆ ಸುರಂಗವಿಲ್ಲ, ಪಾತ್ರೆ ತೊಳೆದ ನೀರೇ ಗತಿ.

ಆರಿದ್ರಾ ಮಳೆ ಹಿಡಿದ ವಾರದಲ್ಲಿ ನಿಂಬೆ ಚಿಗುರಿತು. ಚಿಗುರಿನ ಹಿಂದೆಯೇ ಹುಳು ಬಂದಿತು. ಇದು ನಿಂಬೆಚಿಟ್ಟೆಯ ಮರಿ. ಎಳೆಯದಾಗಿರುವಾಗ ಹಕ್ಕಿಯ ಹಿಕ್ಕೆಯಂತೆ ಬಿದ್ದುಕೊಂಡು ಕಣ್ತಪ್ಪಿಸುವುದು. ಬೆಳೆದ ಮೇಲೆ ಎಲೆಯ ಹಸಿರನ್ನೇ ತಾಳುವುದು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ಕಟುವಾಸನೆಯನ್ನು ಬಿಡುವುದು. ನಾಲ್ಕು ದಿನದಲ್ಲಿ ರೆಂಬೆಗಳು ಬೋಳಾದುವು. ಗಿಡವನ್ನು ನೆಟ್ಟವರು ನಮ್ಮ ತಾಯಿಯವರು. “ನಿಂಬಿಗಿಡ ಹುಳಕ್ಕಂತ ನೆಟ್ಟೀವೇನಪ್ಪ?” ಎಂದು ಕೇಳಿದರು.

ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಹಿಂದಿನ ವರ್ಷ ಇದೇ ಮಾತಿಗೆ ಅಂಗಡಿಯಿಂದ ಮದ್ದು ತಂದು ಸಿಂಪಡಿಸಿದ್ದೆವು. ಹುಳುಗಳು ಉದುರಿದುವು. ದಾಸವಾಳದಲ್ಲಿ ಸಿಂಪಿಗ ಹಕ್ಕಿಯೊಂದು ಎಲೆಗಳ ಅಂಚಿಗೆ ತೂತು ಮಾಡಿ, ಹತ್ತಿಯ ಎಳೆಯನ್ನೂ ಜೇಡರ ನೂಲನ್ನೂ ಪೋಣಿಸಿ ಗೂಡು ಹೊಲಿದಿತ್ತು. ಉದುರಿದ ಹುಳುಗಳನ್ನು ಅದು ಹೆಕ್ಕಿ ಮರಿಗಳಿಗೆ ಒಯ್ಯುವುದನ್ನು ಕಂಡು, ಒಳ್ಳೆಯದೇ ಆಯಿತೆಂದು ಸಂತೋಷಪಟ್ಟೆವು! ಮೂರನೆಯ ದಿನ ಗೂಡು ಸದ್ದಿಲ್ಲದೆ ಇತ್ತು. ಇಣುಕಿದರೆ ನಾಲ್ಕು ಮರಿಗಳೂ ಸತ್ತಿದ್ದುವು. ಮದ್ದಿನಿಂದಲೇ ಸತ್ತುವೆಂದು ಪ್ರಮಾಣ ಮಾಡಿ ಹೇಳಲಾರೆವು. ಆದರೂ ತಾಯಿಹಕ್ಕಿಯು ಎರಡು ದಿನ ಬಾಯಲ್ಲಿ ಹುಳುವನ್ನು ಕಚ್ಚಿಕೊಂಡು ಬಂದು ಬಂದು ಹೋದುದನ್ನು ನಾವು ನೋಡಿದೆವು. ತಾಯಿಯವರಿಗೆ ಇದನ್ನು ತಿಳಿಸಿರಲಿಲ್ಲ.

ಈ ಸಾರಿ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋದರು. ಮದ್ದಿನ ಶೀಸೆಯನ್ನು ಯಾರೂ ಮುಟ್ಟಲಿಲ್ಲ. ಕೈಗೆ ಎಟುಕಿದ ಹುಳುಗಳನ್ನು ಎತ್ತಿ ಕರಿಬೇವಿಗೆ ಬಿಟ್ಟೆವು. ಅದರ ಎಲೆಯನ್ನೂ ಅವು ತಿನ್ನಬಲ್ಲವು. ಸಾರಿನ ಒಗ್ಗರಣೆಗೆ ಕೆಲವು ದಿನ ಕೊರತೆಯಾಯಿತೆಂಬುದನ್ನು ಒಪ್ಪಿಕೊಳ್ಳಬೇಕು.

ಸಿಂಪಿಗವು ಮತ್ತೆ ಬಂದಿತು, ಬೇರೊಂದು ದಾಸವಾಳಕ್ಕೆ. ಮೂರು ಮರಿಗಳಾದುವು. ಹಿತ್ತಿಲು ಮದ್ದಿಲ್ಲದೆ ಇದ್ದ ಮಾತ್ರಕ್ಕೆ ನಿರ್ಭಯವೆಂದು ತಿಳಿಯಬಾರದು: ಒಂದು ಮಧ್ಯಾಹ್ನ ಕೆಂಬೂತವು ಬೇಲಿಯಿಂದಿಳಿದು, ನಾವು ಕೂಗಿಕೊಂಡು ಓಡುವಷ್ಟರಲ್ಲಿ, ಒಂದು ಮರಿಯನ್ನು ಎಳೆದೊಯ್ದಿತು. ಉಳಿದೆರಡು ಐದು ದಿನಗಳ ತರುವಾಯ ಹಾರಿದುವು. ಅವುಗಳ ಗಾತ್ರಕ್ಕೂ ದನಿಗೂ ಸಂಬಂಧವೇ ಇಲ್ಲ. ಹೆಬ್ಬೆಟ್ಟಿನಷ್ಟು ಹಕ್ಕಿ, ಬೀದಿಯ ತುದಿಗೆ ಕೇಳುವ ಕೂಗು.

ಹಸ್ತದ ಮಳೆಗೆ ನಿಂಬೆ ಮತ್ತೆ ಎಲೆ ಹೊದ್ದಿತು. ದೀಪಾವಳಿಗೆ ಚೆಂಡುಹೂ ಎರಡು ಬುಟ್ಟಿ ದೊರೆಯಿತು. ನಿಂಬೆಯ ಕಾಯಿ ಮಾತ್ರ ಹದಿನೇಳೇ. ಉಪ್ಪಿನಕಾಯಿಗೆಂದು ತಾಯಿಯವರು ಸಂತೆಯಿಂದ ನೂರು ಕಾಯಿ ತರಿಸಿದರು. ತರಿಸಿ, ಬೆಲೆಯನ್ನು ನಮಗೆ ಎರಡು ಸಲ ಹೇಳಿದರು.